ಟೋಪಿ

ಅಸ್ಮಾರಾ. ಶನಿವಾರ ಸಂಜೆ.
ಪಕ್ಕದ ಮನೆಯಲ್ಲಿ ಹುರಿಯುವ ಕಾಫಿಯ ಘಮ
ನನ್ನ ಗ್ರೀಸಿನ ವಾಸನೆಯ ಜೊತೆ ಜಗಳಕ್ಕಿಳಿವ ಹೊತ್ತು
ಬಾಗಿಲಲ್ಲಿ ಬಂದು ನಿಂತಳು ರಿಗ್ಬೆ,
ಅಬ್ರೆಹೆತಳ ಕಿರಿ ಮಗಳು, ಹದಿನೈದು ತುಂಬಿಲ್ಲ,
ಮುಷ್ಟಿಯಲ್ಲಿ ಬೆವರಿದ ನಕ್ಫ ನೋಟುಗಳು.
ನಾಳೆ ಬೆಳಿಗ್ಗೆ ಓಟ, ಮಧ್ಯಾಹ್ನ ಅಕ್ಕನ ಮದುವೆ.
'ಅಬೊಯ್ ತೆಕೆಸ್ತೆ, ಆ ಕೆಂಪಿನದು ಕೊಡು.'

ತಡಿ ಮಗಳೇ. ಮೊದಲು ತಲೆ, ಆಮೇಲೆ ಬಣ್ಣ.

ಎದುರಂಗಡಿ ದರ್ಜಿ ಇದ್ರಿಸನ ಟೇಪು ಕಡ ತಂದೆ.
ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು
ಕಿವಿಗೆ ತಾಗದಂತೆ ಸುತ್ತಿದೆ.
'ತಲೆಗೂ ಕೋಟು ಹೊಲಿಸುತ್ತೀಯೇನೋ?' ಇದ್ರಿಸ್ ಅಲ್ಲಿಂದಲೇ ಕೂಗಿದ.
ಐವತ್ತೇಳು.
ಐವತ್ತೇಳರಲ್ಲಿ ಎರಡು ಜಡೆಯ ಪಾಲು:
ನಿನ್ನೆ ಇಡೀ ದಿನ ಚಿಕ್ಕಮ್ಮನ ಮಂಡಿಗೆ ತಲೆಕೊಟ್ಟು ಕೂತು
ಹೆಣೆಸಿಕೊಂಡ ಸಾಲುಗಳು, ಉತ್ತ ಹೊಲದ ಹಾಗೆ.
'ಬಿಚ್ಚುತ್ತೀಯಾ?'
'ಬಿಚ್ಚಿದರೆ ಓಟವೇ ಇಲ್ಲ ಅಂದಿದ್ದಾಳೆ ಅಮ್ಮ.'
ಹಾಗಾದರೆ ಸರಿ, ನಾಳೆಯ ತಲೆಗೇ ಇವತ್ತಿನ ಅಳತೆ.

ಕೆಂಪಿನದನ್ನು ತಾನೇ ಇಳಿಸಿ ಹಾಕಿಕೊಂಡಳು,
ಹಿಂದಕ್ಕೆ ಜಾರಿಸಿ, ಹಣೆಯೆಲ್ಲ ಬಿಟ್ಟು,
ಚಕ್ರದ ರಿಮ್ಮಿನಲ್ಲಿ ಮುಖ ನೋಡಿಕೊಂಡಳು.
ಹಣೆಬರಹ ಓದಿಸಿಕೊಳ್ಳಲು ಹೊರಟೆಯೇನೇ?
ಹಣೆ ಮುಚ್ಚು.

ತೆಗೆದುಕೊಂಡೆ. ಒಳಗಿನ ಮೆತ್ತೆ ಬಿಚ್ಚಿ
ಬಾಗಿಲ ಬೆಳಕಿಗೆ ಹಿಡಿದೆ.
ಬಿಳಿಯ ಮೇಲೆ ಒಂದು ಗೆರೆ. ಕೂದಲೆಂದು ಊದಿದೆ, ಹಾರಲಿಲ್ಲ.
ಹೆಬ್ಬೆರಳು ಒತ್ತಿದೆ,
ಗೆರೆ ಬಾಯಿ ಬಿಟ್ಟಿತು.

ಮಿಲಾನಿನಿಂದ ಯಾರದೋ ಸೋದರಳಿಯ
ಪ್ಯಾಂಟು ಅಂಗಿಗಳ ನಡುವೆ ತುರುಕಿ ತಂದ ಏಳರಲ್ಲಿ
ಇದೇ ಹೆಚ್ಚು ಹೊಳೆಯುತ್ತಿತ್ತು.
ಯಾವುದೋ ತಿರುವಿನಲ್ಲಿ, ಯಾವುದೋ ತಲೆಯ ಜೊತೆ
ಒಮ್ಮೆ ಬಿದ್ದಿದೆ. ತನ್ನ ಕೆಲಸ ಮುಗಿಸಿದೆ.
ಇನ್ನದು ಬರೀ ಬಣ್ಣ.
'ಬೇರೆಯವನಾಗಿದ್ದರೆ ಒರೆಸಿ ಕೊಟ್ಟು
ನಿನಗೆ ಟೋಪಿ ಹಾಕಿ ಕಳಿಸುತ್ತಿದ್ದ,' ಅಂದೆ.
ನಕ್ಕಳು.

ಬೇರೆಯವನು.
ಹನ್ನೊಂದು ವರ್ಷದ ಹಿಂದೆ
ಇದೇ ಮೊಳೆಗೆ ತೂಗಿದ್ದ ನೀಲಿಯದು.
ಗೆರೆ ಕಂಡಿತ್ತು ಅವನಿಗೆ. ಬಾಡಿಗೆಯೂ ಬಾಕಿ ಇತ್ತು.
ಕಿಫ್ಲೊಮ್ ಅದನ್ನಿಟ್ಟುಕೊಂಡು ನೆಫಾಸಿತಿನ ಇಳಿಜಾರಿಗೆ ಹೋದ,
ಮಂಜು ಕೆಳಗಿನಿಂದ ಹತ್ತಿ ಬರುತ್ತಿತ್ತು.
ಬದುಕಿದ್ದಾನೆ. ಮಂಗಳವಾರ ಮಂಗಳವಾರ ಬರುತ್ತಾನೆ,
ಮಣೆಯ ಮೇಲೆ ಕೂತು
ತಲೆಕೆಳಗಿಟ್ಟ ಸೈಕಲ್ಲಿನ ಪೆಡಲು ತಿರುಗಿಸುತ್ತಾನೆ,
ಚಹಾ ಆರುವ ತನಕ.
ನನ್ನನ್ನು ನನ್ನಪ್ಪನ ಹೆಸರಿಂದ ಕರೆಯುತ್ತಾನೆ.
ಓಗೊಡುತ್ತೇನೆ.

ರಿಗ್ಬೆಗೆ ಇದನ್ನು ಹೇಳಲಿಲ್ಲ.

ಬೂದಿ ಬಣ್ಣದ್ದೊಂದಿತ್ತು, ಯಾರೂ ಮುಟ್ಟದ್ದು.
ಹಿಂದಿನ ತಿರುಪು ಸಡಿಲಿಸಿ
ಜಡೆಗಂಟು ಕೆಳಗೆ ಹೊರಬರುವಂತೆ ಕೂರಿಸಿದೆ.
ಪಟ್ಟಿಗಳೆರಡೂ ಕಿವಿಯ ಬುಡದಲ್ಲಿ ಕೂಡಬೇಕು,
ಗದ್ದದ ಕೆಳಗೆ ಒಂದು ಬೆರಳು ಹೋಗಬೇಕು,
ಎರಡನೆಯದಕ್ಕೆ ಜಾಗ ಇರಬಾರದು.
'ಆಕಳಿಸು.'
ಆಕಳಿಸಿದಳು, ನೆತ್ತಿಯ ಮೇಲೆ ಚಿಪ್ಪು ಬಿಗಿಯಿತು.
'ಈಗ ಇಲ್ಲ ಅನ್ನು. ಜೋರಾಗಿ.'
ತಲೆ ಕೊಡವಿದಳು, ಇಲ್ಲ ಇಲ್ಲ ಇಲ್ಲ.
ಅವಳೊಂದು ಕಡೆ, ಅದೊಂದು ಕಡೆ ಆಗಲಿಲ್ಲ.
'ಮಡಕೆ ಕವುಚಿಕೊಂಡ ಹಾಗಿದೆ, ಅಬೊಯ್.'
'ಇರಲಿ. ನಾಳೆ ನಿನ್ನ ಹಿಂದಿರುವವರು ತಾನೆ ಅದನ್ನು ನೋಡುವುದು?'

ಅರ್ಧ ನೋಟು ವಾಪಸು ಕೊಟ್ಟೆ.
ಎಣಿಸದೆ ಓಡಿದಳು, ಪಟ್ಟಿ ಬಿಚ್ಚಲೇ ಇಲ್ಲ,
ನಡೆದು ಹೋಗುವವಳಿಗೆ ಯಾಕದು, ಹೇಳಿ!

ಸುತ್ತಿಗೆ ತೆಗೆದುಕೊಂಡೆ.
ನಾಲ್ಕು ಏಟಿಗೆ ಕೆಂಪು ನಾಲ್ಕಾಯಿತು.
'ಹುಚ್ಚೇನೋ ನಿನಗೆ? ಮುನ್ನೂರಕ್ಕಾದರೂ ಹೋಗುತ್ತಿತ್ತು,'
ಕತ್ತರಿ ಹಿಡಿದೇ ಓಡಿಬಂದ ಇದ್ರಿಸ್.
'ಹೋಗುತ್ತಿತ್ತು.'

ಗುಡಿಸಿದೆ. ಸಾಸಿವೆಗಿಂತ ದಪ್ಪ, ಜೋಳಕ್ಕಿಂತ ಸಣ್ಣ,
ತೂಕವಿಲ್ಲದ ಆ ಬಿಳಿ ಕಾಳುಗಳು
ಗ್ರೀಸಿನ ಕೈಗೆ ಅಂಟಿದವು.
ಉಜ್ಜಿದೆ.
ಈ ಕೈಯಿಂದ ಆ ಕೈಗೆ ಹೋದವು.