ಕೂಡದ ಗೆರೆ

ಬಹರೈನಿನ ಆಲಿಯಲ್ಲಿ ಆವಿಗೆಗಳು
ಗೋರಿದಿಬ್ಬಕ್ಕೆ ಒರಗಿ ಕೂತಿವೆ.
ನಾಲ್ಕು ಸಾವಿರ ವರ್ಷದ ಸತ್ತವರ ಬೆನ್ನಿಗೆ
ನಮ್ಮ ಬೆಂಕಿಯ ಕಾವು.
ಉಸ್ತಾದ್ ಮಕ್ಕಿ ಕುಣಿಯೊಳಗೆ ಕೂತು ತಿಗರಿ ಒದೆಯುತ್ತಾನೆ;
ನಾನು ನೆರಳಲ್ಲಿ, ಬಣ್ಣದ ಡಬ್ಬಿಗಳ ನಡುವೆ.
ಹೂಜಿಗೆ ನೂರೈವತ್ತು ಫಿಲ್ಸ್,
ಧೂಪದ ಕುಡಿಕೆಗೆ ಎಂಬತ್ತು,
ಒಂಟೆ ಬರೆದರೆ ಮೇಲೆ ಇಪ್ಪತ್ತು.

ಮೂಡುಬಿದಿರೆ ಕಡೆಯ ನನ್ನಜ್ಜಿ
ಮಡಕೆಗೆ ಬಣ್ಣ ಹಚ್ಚಿದವಳಲ್ಲ.
ಅನ್ನ ಬೇಯುವುದಕ್ಕೆ ಸಿಂಗಾರ ಯಾಕೆ, ಮಸಿ ಸಾಕು, ಅನ್ನುತ್ತಿದ್ದಳು.
ಇಲ್ಲಿ ಯಾರೂ ಬೇಯಿಸುವುದಿಲ್ಲ.
ಹಳೆ ಪೇಪರಿನಲ್ಲಿ ಸುತ್ತಿ ವಿಮಾನ ಹತ್ತಿಸುತ್ತಾರೆ.

ಒಂದು ಶುಕ್ರವಾರ ಜುಫೇರಿನ ನೌಕಾನೆಲೆಯಿಂದ ಒಬ್ಬಳು ಬಂದಳು.
ಗಟ್ಟಿ ಮೈ, ಗಿಡ್ಡ ಕೂದಲು, ನನ್ನದೇ ಬಣ್ಣ.
ನಮ್ಮವಳೇ ಇರಬೇಕೆಂದು ಹಿಂದಿಯಲ್ಲಿ ಮಾತಾಡಿಸಿದೆ. ನಕ್ಕಳು.
ಅಮೆರಿಕದವಳಂತೆ, ಝೂನಿಯವಳಂತೆ.
ಅಂಥ ಜನ ಇದ್ದಾರೆಂದು ನನಗೇನು ಗೊತ್ತು.
ಹೂಜಿಯ ಕೊರಳಿಗೆ ನಾನೆಳೆದ ಕಪ್ಪು ಗೆರೆಯ ಮೇಲೆ
ಬೆರಳು ಸುತ್ತಿಸಿ, ಇನ್ನೊಮ್ಮೆ ಸುತ್ತಿಸಿ, ಏನೋ ಹುಡುಕಿದಳು.
"ಬಾಗಿಲೆಲ್ಲಿ?"

ಅವಳಜ್ಜಿ ಕತ್ತಾಳೆಯಂಥ ಎಲೆಯ ತುದಿಯನ್ನು
ಅಗಿದಗಿದು ಕುಂಚ ಮಾಡುತ್ತಾಳಂತೆ,
ಗಿಡ ಕುದಿಸಿ ಕಪ್ಪು ತೆಗೆಯುತ್ತಾಳಂತೆ.
ಕೊರಳ ಗೆರೆ ಮಾತ್ರ ಕೂಡಿಸುವುದಿಲ್ಲವಂತೆ.
ಜೋಳದ ಕಾಳಿನಷ್ಟು ಬಿಡುತ್ತಾಳೆ,
ಮಡಕೆಯೂ ಉಸಿರಾಡಬೇಕಲ್ಲ.

ಮಾರಲು ಮಾಡಿದ್ದಕ್ಕೂ? ಕೇಳಿದೆ.
ಮಾರಲು ಮಾಡಿದ್ದಕ್ಕೂ.
ಮನೆಯ ಟ್ರಕ್ಕಿನ ಕಂತು ಕಟ್ಟಿದ್ದೇ ಆ ಮಡಕೆಗಳು.
ರಸೀದಿಯ ಹಿಂದೆ ಒಂದು ಜಿಂಕೆ ಗೀಚಿ
ಬಾಯಿಂದ ಗುಂಡಿಗೆಯವರೆಗೆ ಕೆಂಪು ಬಾಣ ಎಳೆದುಕೊಟ್ಟಳು.
ಹೂಜಿ ಕೊಳ್ಳಲಿಲ್ಲ.
ಕಾಸಿನ ಹುಂಡಿಯೊಂದನ್ನು ಒಯ್ದಳು, ಬಣ್ಣವಿಲ್ಲದ್ದು.

ಮರುದಿನ ಮೂವತ್ತಾರು ಹೂಜಿ.
ಮೂವತ್ತಾರಕ್ಕೂ ಬಾಗಿಲು ಬಿಟ್ಟೆ.
ಎಣಿಸುವ ರಫೀಕುಲ್ ಕಂಡ, ಕೆಮ್ಮಿದ, ಸುಮ್ಮನಾದ.
ಉಸ್ತಾದ್ ಒಂದನ್ನೆತ್ತಿ ಬಿಸಿಲಿಗೆ ತಿರುಗಿಸಿ
"ನಿದ್ದೆಗಣ್ಣಲ್ಲಿ ಬರೆದೆಯಾ?" ಎಂದು
ಸೆಕೆಂಡ್ಸಿನ ಸಾಲಿನಲ್ಲಿಟ್ಟ. ಅರ್ಧ ಕೂಲಿ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ಕುಂಚಕ್ಕೆ ಅಷ್ಟೂ ಬೇಡ:
ಮಗ್ರಿಬ್ ಬಾಂಗಿನ ಹೊತ್ತಿಗೆ
ಮೂವತ್ತೈದರ ಬಾಗಿಲು ಮುಚ್ಚಿದ್ದೆ.

ಉಳಿದದ್ದು ರೂಮಿನಲ್ಲಿದೆ, ನನ್ನ ಕೂಲಿಯಲ್ಲಿ ಮುರಿದುಕೊಂಡದ್ದು.
ನೀರು ತುಂಬಿಡುತ್ತೇನೆ. ತಣ್ಣಗಿರುತ್ತದೆ.
ಅದು ರಿಫಾದ ಮಣ್ಣಿನ ಗುಣ, ನಿನ್ನ ಗೆರೆಯದಲ್ಲ,
ಅನ್ನುತ್ತಾನೆ ರಫೀಕುಲ್, ಮತ್ತೊಂದು ಲೋಟ ಬಗ್ಗಿಸಿಕೊಳ್ಳುತ್ತ.
ಅನ್ನಲಿ.