ಮೂರು ಕಳಿ

ಮೇ ತಿಂಗಳ ಕಡೀ ವಾರ. ರಾತ್ರಿ ಹತ್ತೂವರಿ.
ನಳ ಬಂದು ಹೋತು, ಕೊಡ ಬಿಂದಗಿ ತುಂಬ್ಯಾವು.
ನಾಳಿನ ರೊಟ್ಟಿಗೆ ಹಿಟ್ಟು ಸಾಣಿಸಿ ಮುಚ್ಚಿಟ್ಟೀನಿ.
ಸಣ್ಣಾಂವ ಮಲಗ್ಯಾನ, ಚೊಣ್ಣದ ಕಿಸೇದಾಗ ಗೋಲಿ ಇಟಗೊಂಡು.
ಇನ್ನ ಮ್ಯಾಲ ಒಂದು ತಾಸು ನಂದು,
ಅಂದ್ರ, ಮಶೀನಿಂದು.

ಕೈಮಶೀನ ಇದು. ಹಳೇ ಬಾಗಲಕೋಟಿ ಬಿಡುವಾಗ
ಅವ್ವ ಟೆಂಪೋದಾಗ ತೊಡಿಮ್ಯಾಲ ಇಟಗೊಂಡು ತಂದಿದ್ದಳು,
ಹಸಗೂಸಿನಂಗ, ಸೆರಗ ಮುಚ್ಚಿ.
ಎಡಗೈ ಅರಿವಿಗೆ, ಬಲಗೈ ಹಿಡಿಕಿಗೆ.
ಮೂಗು ತುರಿಸಿದರ ಮೂರನೇ ಕೈ ಇಲ್ಲ.

ಟೇಪಿಗೆ ಮೊದಲಿನ ಮೂರಿಂಚು ಇಲ್ಲ.
ಹಲ್ಲು ಬರೂ ಮುಂದ ಮುತ್ತು ಕಡದು ಹಾಕಿದ.
ಹೊಸಾದಕ್ಕ ಇಪ್ಪತ್ತು ರೂಪಾಯಿ,
ಮೂರು ಕಳಿಯೂದು ಪುಕ್ಕಟ.
ಐದು ವರ್ಷಾತು, ಈ ಮನಿಯೊಳಗ
ಯಾರನ್ನ ಅಳದರೂ ಮೂರು ಕಳೀತೀವಿ.

ಇವರು ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾರ,
ಬೆಳಿಗ್ಗಿ ನಾಕೂವರಿಗೆ ಮುದ್ದೇಬಿಹಾಳ ಗಾಡಿ.
ಕಂಡಕ್ಟರನ ಖಾಕಿ ಪ್ಯಾಂಟು ಕುಂಡೀ ಕಡೆ ತೆಳ್ಳಗಾದರೂ
ಕಾಲಿನ ಅರಿವಿ ಗಟ್ಟಿ ಇರತೈತಿ.
ಒಂದು ಕಾಲು ಸಂತೀಚೀಲ,
ಇನ್ನೊಂದು ಮುತ್ತುವಿನ ಪಾಟೀಚೀಲ.
ಝಾಡಿಸಿದರ ಮೂಲ್ಯಾಗಿಂದ ಇನ್ನೂ
ಟಿಕೀಟಿನ ಚೂರು ಉದರತಾವ.

ಈಗ ದಾನೇಶ್ವರಿಯ ನೀಲಿ ಲಂಗ.
ಆರನೇತ್ತಕ್ಕ ಹೊಲದದ್ದು, ಆಕಿ ಈಗ ಎಂಟನೇತ್ತ.
ಹೊಲಿವಾಗನ ನಾಕು ಬಟ್ಟು ಮಡಿಕಿ ಒಳಗ ಇಟ್ಟಿದ್ದೆ.
ಹೋದ ವರ್ಷ ಎರಡು ಬಟ್ಟು ಬಿಟ್ಟೆ, ಈ ವರ್ಷ ಎರಡು.
ಬ್ಲೇಡಿಲೆ ದಾರ ಕೊಯ್ದರ
ಮಡಿಕಿಯೊಳಗ ಸಾಲಿಯ ಮಣ್ಣು, ಒಂದು ನವಣಿ ಕಾಳು,
ಮತ್ತ ಬಿಸಲ ಕಾಣದ ನೀಲಿ,
ಅಂಗಡ್ಯಾಗ ಕೊಂಡಾಗಿನದು.

ಹಳೀ ಮಡಿಕೀ ಗೆರಿ ಮಾತ್ರ ಹೋಗವೊಲ್ಲದು.
ಇಸ್ತ್ರಿ ಒತ್ತಿದೆ. ಲಿಂಬಿಹಣ್ಣು ತಿಕ್ಕಿದೆ.
ಅವ್ವನ ಮನಿ ಗ್ವಾಡಿಗೆ ಹಿನ್ನೀರು
ಹಿಂಗ ಗೆರಿ ಬಿಟ್ಟು ಸರೀತಿತ್ತು,
ಹೋದ ವರ್ಷದ್ದು ಕೆಳಗ, ಈ ವರ್ಷದ್ದು ಮ್ಯಾಲ.
ಸರ್ವೇದವರು ಬಂದು ಅಳಕೊಂಡು ಹೋದರು.
ಅವರ ಟೇಪು ನೆಟ್ಟಗಿತ್ತೋ ಇಲ್ಲೋ,
ಕೊಟ್ಟ ರೊಕ್ಕ ನೋಡಿದರ
ಅವರೂ ಏನೋ ಕಳದಂಗ ಇತ್ತು.

“ಎರಡು ಗೆರಿ ಆದವು,” ಅಂತು ಕತ್ತಲೊಳಗಿಂದ ಧನಿ.
ಮಲಗಿಲ್ಲ ಹುಡುಗಿ.
“ತಸ್ಲೀಮಾ ಎಣಸತಾಳ. ಗಿಡದ ಬೊಡ್ಡೀ ಗೆರಿ ಎಣಿಸಿ
ವಯಸ್ಸು ಹೇಳತಾರಂತ, ಹಂಗ.”
ಹೊಸಾ ಲಂಗಕ್ಕ ನಾನೂರಾ ಎಂಬತ್ತು.
ಆಕಿ ಕೇಳಲಿಲ್ಲ. ನಾ ಹೇಳಲಿಲ್ಲ.
ಹಿಡಿಕಿ ಒಂದು ಸುತ್ತು ಸುಮ್ಮನ ತಿರುಗಿತು.

ಅಷ್ಟರಾಗ ಲಂಗ ತಿರಿವಿ ನೋಡಿದೆ.
ಒಳಮೈ ಇನ್ನೂ ಹೊಸಾದೈತಿ!
ಪಟ್ಟಿ ಬಿಚ್ಚಬೇಕು, ನೆರಿಗಿ ಹದಿನೆಂಟೂ ಬಿಚ್ಚಬೇಕು,
ಒಳಗಿಂದು ಹೊರಗ ಮಾಡಿ ಮತ್ತ ಕೂಡಸಬೇಕು.
“ಬ್ಲೇಡು ತಗೋ. ಅರಿವಿ ಕೊಯ್ದಿ, ಜ್ವಾಕಿ.”
ಒಂದು ತಾಸಿನ ಕೆಲಸ ಅಂದಿದ್ದೆ. ಹನ್ನೆರಡೂವರಿ ಆತು.
ಆಕಿ ಹಿಡಿಕಿ ತಿರುವಿದಳು.
ಮೊದಲ ಸರತಿ ನನಗ ಎರಡೂ ಕೈ ಅರಿವಿಮ್ಯಾಲ.
ಹೊಲಿಗಿ ಸೊಟ್ಟ ಹೋಗಾಕ ಕಾರಣನ ಇರಲಿಲ್ಲ,
ಆದ್ರೂ ಒಂದು ಕಡೆ ಸೊಟ್ಟ ಹೋತು.

ಟೇಪು ಮಡಚುವಾಗ ಆಕಿ ಕಸಗೊಂಡಳು.
“ಅವ್ವಾ, ನಿಂದ್ರು. ಕೈ ಎತ್ತು.”
“ನನಗ್ಯಾಕ?”
ನನ್ನ ಯಾರೂ ಅಳದಿದ್ದಿಲ್ಲ.
ಹಳೇ ಜಂಪರ ಹಾಸಿ, ಸುತ್ತ ಸುಣ್ಣದ ಗೆರಿ ಎಳದು
ಹೊಸಾದು ಕತ್ತರಿಸಿಕೊಂಡಾಕಿ ನಾನು.
ಮದುವಿ ಕಾಲದ ಅಳತಿ ಅದು.
ದಾನಿ ಹುಟ್ಟಿದಾಗ ಬಗಲಿಗೆ ಬಿಚ್ಚಿದ್ದೆ, ಮುತ್ತು ಹುಟ್ಟಿದಾಗ ಮತ್ತ.
ಈಗ ಬಿಚ್ಚಾಕ ಒಳಗ ಅರಿವೀನ ಇಲ್ಲ.

“ನಲವತ್ತು.”
“ಮೂರು ಕಳಿ.”
“ಕಳದ ಮ್ಯಾಲನ ನಲವತ್ತು.”

ನಿದ್ದಿಗಣ್ಣಿನ್ಯಾಗ ಇವರು “ರೈಟ್, ರೈಟ್” ಅಂದು
ಮಗ್ಗಲು ಬದಲಿಸಿದರು.
ನಾವಿಬ್ಬರೂ ಲಂಗದಾಗ ಮಾರಿ ಮುಚಗೊಂಡು
ಹೊಟ್ಟಿ ಹಿಡಕೊಂಡ ನಕ್ಕಿವಿ.

ಆಮ್ಯಾಲ ಆಕಿ ಸುಣ್ಣದ ತುಂಡು ತಗೊಂಡು
ಹಾಲಿನ ಲೆಕ್ಕದ ಕೆಳಗ, ಗ್ಯಾಸಿನಂವನ ನಂಬರಿನ ಬಾಜೂಕ,
ಗ್ವಾಡಿಮ್ಯಾಲ ಬರದಳು:
ಅವ್ವ, ೪೦.