ಟೈಲ್ಸ್ ಯಾವಾಗ ಹಾಕಿಸ್ತೀರಾ?

ಬಂದವರೆಲ್ಲ ಹೊಸ್ತಿಲಲ್ಲೇ ನಿಂತು ಕೇಳುತ್ತಾರೆ:
"ಟೈಲ್ಸ್ ಯಾವಾಗ ಹಾಕಿಸ್ತೀರಾ?"
ಗೃಹಪ್ರವೇಶವಾಗಿ ವರ್ಷ ಕಳೆಯಿತು.
ಹಾಸನದ ತಣ್ಣೀರುಹಳ್ಳದಲ್ಲಿ ಇಪ್ಪತ್ತು-ಮೂವತ್ತರ ಸೈಟು,
ಅದರ ಮೇಲಿನ ನನ್ನ ಮನೆ
ಇನ್ನೂ ಮುಗಿದಿಲ್ಲವೆಂದೇ ನೆಂಟರ ಲೆಕ್ಕ.

ಇದೇ ನೆಲ, ಅಂತ ನಾನು.
ಇದೇನಾ, ಅಂತ ಅವರು.

ಗ್ರಾನೈಟಿಗೆ ದುಡ್ಡು ಸಾಲದೆ ಹುಟ್ಟಿದ ಯೋಚನೆ,
ಸುಳ್ಳು ಯಾಕೆ ಹೇಳಲಿ.
"ಸುರಿದ ಕಾಂಕ್ರೀಟನ್ನೇ ಉಜ್ಜಿ ಹೊಳಪು ತೆಗೀಬಹುದು ಮೇಡಂ,"
ಅಂದವನು ಮಕ್ಬೂಲ್ ಮೇಸ್ತ್ರಿ.
ನಾಲ್ಕು ದಿನ ಆ ಮಿಷನ್ನು
ಹಗ್ಗ ಹಿಡಿದವನನ್ನೇ ಎಳೆಯುವ ಹೋರಿಯ ಹಾಗೆ
ಅವನನ್ನು ಕೋಣೆಯಿಂದ ಕೋಣೆಗೆ ಎಳೆದಾಡಿತು.
ಬೂದುಗೆಸರು, ಕಿವಿ ಕಿತ್ತುಬರುವ ಸದ್ದು,
ಪಕ್ಕದ ಮನೆಯ ಲಲಿತಾಕ್ಷಿ ಎರಡು ಸಲ ಜಗಳಕ್ಕೆ ಬಂದಳು.
ಐದನೇ ದಿನ ತೊಳೆದಾಗ
ಸಿಮೆಂಟಿನೊಳಗಿಂದ ಜಲ್ಲಿಕಲ್ಲು ಕಣ್ಣು ಬಿಟ್ಟಿತ್ತು,
ಕಪ್ಪು, ಬಿಳಿ, ಅಲ್ಲೊಂದು ಇಲ್ಲೊಂದು ಕೆಂಚು,
ಹುರುಳಿ ಅವರೆ ಬೆರೆಸಿ ಹರವಿದ ಹಾಗೆ.
ಜಗಳದವಳೇ ಬಂದು ಬಗ್ಗಿ ಮುಟ್ಟಿ ನೋಡಿದಳು.

ಮೇ ತಿಂಗಳು. ಕರೆಂಟಿಲ್ಲ.
ಅರಕಲಗೂಡಿನ ಕೊನೆ ಟ್ರಿಪ್ ಮುಗಿಸಿ
ಟಿಕೆಟ್ ಮಿಷನ್ ಡಿಪೋದಲ್ಲಿ ಒಪ್ಪಿಸಿ
ಖಾಕಿಯಲ್ಲೇ ಬಂದು ಅಂಗಾತ ಬಿದ್ದರೆ
ಬೆನ್ನಿನ ಸೆಖೆಯನ್ನೆಲ್ಲ ನೆಲ ಕುಡಿದುಬಿಡುತ್ತಿತ್ತು.
ಚಾಪೆ ಬೇಡ, ದಿಂಬು ಬೇಡ.
ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು
ಇಲ್ಲಿ ಮಾತ್ರ ಪೂರಾ ನಿಜ,
ಮಣ್ಣಾಗಲು ಮಣ್ಣೇ ಇಲ್ಲ.
ಸಂದಿಯಿಲ್ಲ, ಇರುವೆ ಸಾಲಿಗೆ ದಾರಿಯಿಲ್ಲ,
ಒದ್ದೆಬಟ್ಟೆ ಎಳೆದರೆ ಒಂದೇ ಗುಕ್ಕಿಗೆ ಮುಗಿಯಿತು.
ಭಾವನ ಹೊಲದ ಆಲೂಗಡ್ಡೆ ಮೂರು ಮೂಟೆ
ನಡುಮನೆಯಲ್ಲಿ ಹರವಿದೆವು. ಒಂದೂ ಕೊಳೆಯಲಿಲ್ಲ.

ಧನುರ್ಮಾಸದಲ್ಲಿ ನೋಡಬೇಕಿತ್ತು.
ಬೆಳಗಿನ ನಾಲ್ಕೂವರೆಗೆ ಹಾಸಿಗೆಯಿಂದ ಕಾಲಿಳಿಸಿದರೆ
ತಣ್ಣೀರುಹಳ್ಳ ಅನ್ನುವ ಹೆಸರು
ಅಂಗಾಲಿಂದ ನೆತ್ತಿಗೇರುತ್ತಿತ್ತು.
ದಿನವಿಡೀ ಬಸ್ಸಿನ ತಗಡಿನ ಮೇಲೆ ನಿಂತ ಹಿಮ್ಮಡಿ
ಮನೆಗೆ ಬಂದರೂ ಮೆತ್ತಗಿನದೇನೂ ಕಾಣಲಿಲ್ಲ.
ಒಳಗೂ ಚಪ್ಪಲಿ ಹಾಕಮ್ಮ, ಅಂದರು ಡಾಕ್ಟರು.
ಹಾಕಿ ನೋಡು, ಅಂದರು ಅತ್ತೆ.
ಇಬ್ಬರ ಮಾತೂ ಉಳಿಯಲೆಂದು
ಎರಡೆರಡು ಜೊತೆ ಕಾಲುಚೀಲ ಹಾಕಿ,
ಅಡುಗೆಮನೆಯಲ್ಲಿ ಜಾರಿ, ಸೊಂಟ ಉಳುಕಿ,
ಮೂರು ದಿನ ರಜೆ.

ಗಂಡ ಹೊಲಿಗೆಯವನು.
ಬಿದ್ದ ಸೂಜಿ ಬೂದು ಹೊಳಪಿನಲ್ಲಿ ಕಣ್ಣಿಗೆ ಕಾಣದು,
ಕಾಲಿಗೆ ಮಾತ್ರ ಸಿಗುತ್ತದೆ.
ಗಾಜಿನ ಲೋಟ ಬಿದ್ದು ಬದುಕಿದ್ದಿಲ್ಲ.
ಹುಣಸೇಹಣ್ಣು ಹಚ್ಚಿ ದೀಪದ ಕಂಬ ತಿಕ್ಕಿದ ಜಾಗದಲ್ಲಿ
ಹೊಳಪು ಸತ್ತು ಒಂದು ಬಿಳಿಚಿದ ಕೆರೆಯಾಗಿದೆ,
ಏನು ಉಜ್ಜಿದರೂ ಬತ್ತದು.
ಯುಗಾದಿಯ ಹೊತ್ತಿಗೆ
ಕಿಟಕಿಯಿಂದ ದೇವರಮೂಲೆಗೆ ಕೂದಲೆಳೆ ಬಿರುಕು.
ಮಕ್ಬೂಲ್ ಬಂದ, ಮಂಡಿಯೂರಿದ, ಉಗುರೆಳೆದು ನೋಡಿದ.
"ಕಾಂಕ್ರೀಟು ಅಂದಮೇಲೆ ಬಿರುಕು ಬಂದೇ ಬರುತ್ತೆ ಮೇಡಂ,
ಎಲ್ಲಿ ಅನ್ನೋದು ಅದರ ಇಷ್ಟ."
ಟೀ ಕುಡಿದು ಹೋದ.
ದುಡ್ಡು ಕೇಳಲಿಲ್ಲ, ಸರಿಯೂ ಮಾಡಲಿಲ್ಲ.

ಅತ್ತೆ ಹುಟ್ಟಿದ್ದು ಸಗಣಿ ಸಾರಿಸಿದ ನೆಲದ ಮೇಲೆ.
ಬಿದ್ದದ್ದನ್ನು ಸದ್ದಿಲ್ಲದೆ ಮಡಿಲಲ್ಲಿಟ್ಟುಕೊಳ್ಳುವ ನೆಲ ಅದು.
ಇಲ್ಲಿ ಚಮಚ ಬಿದ್ದರೆ ಬೀದಿಗೆಲ್ಲ ಸುದ್ದಿ.
ನಾಣ್ಯ ಬಿದ್ದರೆ ತಿರುಗಿ ನೋಡದೆ ಹೇಳುತ್ತೇನೆ
ಒಂದೋ, ಎರಡೋ, ಐದೋ,
ಹದಿನೆಂಟು ವರ್ಷದ ಕಂಡಕ್ಟರು ನಾನು.

ನಿನ್ನೆ ರಾತ್ರಿ ಲೈಟಾರಿಸಿದ ಮೇಲೆ
ಅತ್ತೆಯ ಮಂಚದ ಕಡೆಯಿಂದ
ಟಿಕ್.
ನಾಣ್ಯವಲ್ಲ, ಗುಂಡಿಯಲ್ಲ, ಬಳೆಚೂರಲ್ಲ.
ತುಸು ದೂರ ಉರುಳಿತು, ನಿಂತಿತು.
"ಅತ್ತೆ, ಬಿ.ಪಿ. ಮಾತ್ರೆ ನುಂಗಿದಿರಾ?"

ಕತ್ತಲಲ್ಲಿ ಸುಮಾರು ಹೊತ್ತು ಏನೂ ಇಲ್ಲ.
ಆಮೇಲೆ,
"ಈ ಚಾಡಿಕೋರ ನೆಲದ ಮೇಲೆ
ಒಂದು ಚಾಪೆನಾದ್ರೂ ಹಾಸಬಾರ್ದೇನೇ?"